ಟೈಲರ್ ಅಂಗಡಿಯ ಗೋಡೆ ಒಣಗಿಸಿದ ಆಷಾಢ

ಒಂದು ಧಾರೆ ಸೀರೆಗೆ ಕುಚ್ಚು ಕಟ್ಟಿ ಮುಗಿಸಿದ್ದೆ. ಕವರಿಗೆ ಹಾಕುವ ಮುಂಚೆ ಕೊನೇ ಸಲ ನೋಡೋಣ ಅಂತ ಮಡಿಕೆ ಬಿಚ್ಚಿದೆ. ಜರಿ ಅಂಚಿನ ಉದ್ದಕ್ಕೂ ಬಿಳಿ ಪುಡಿ. ಮೈದಾ ಹಿಟ್ಟು ಚೆಲ್ಲಿದ ಹಾಗಿತ್ತು. ಬೆರಳಿಗೆ ತಗೊಂಡು ನಾಲಿಗೆಗೆ ಮುಟ್ಟಿಸಿದೆ. ಉಪ್ಪು! ಸೀರೆ ಇಟ್ಟಿದ್ದ ಶೆಲ್ಫಿನ ಹಿಂದೆ ಕೈ ಹಾಕಿ ಗೋಡೆ ಸವರಿದರೆ ಅಂಗೈ ತುಂಬಾ ಅದೇ ಪುಡಿ.

ಮೆತ್ತನೆ ಬ್ರಷ್ಷಿನಿಂದ ಕೊಡವಿದೆ, ಸೀರೆಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾರೋ ಸಾಲ ಮಾಡಿ ತಂದ ರೇಷ್ಮೆ ಸೀರೆ ನಂಬಿಕೆಯ ಮೇಲೆ ನಮ್ಮ ಅಂಗಡಿಯಲ್ಲಿ ವಾರಗಟ್ಟಲೆ ಇರುತ್ತೆ. ಅದಕ್ಕೆ ಗೋಡೆಯಿಂದ ಕಲೆ ಆದರೆ ನಾನು ಯಾವ ಮುಖ ಇಟ್ಟುಕೊಂಡು ಉತ್ತರ ಹೇಳಲಿ?

ನನ್ನ ಅಂಗಡಿ ಇರೋದು ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡ ಬೀದಿಯಲ್ಲಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಮೇಲೆ ಕಲ್ಲು ಚಪ್ಪಡಿಯ ಸೂರು. ನಮ್ಮ ಕಡೆ ಹಳೇ ಮನೆಗಳೆಲ್ಲ ಹೀಗೇ ಅಲ್ವಾ. ಗೋಡೆ ಒಂದೂವರೆ ಅಡಿ ದಪ್ಪ, ಹಳೇ ಸಣ್ಣ ಇಟ್ಟಿಗೆಯದು. ಇಟ್ಟಿಗೆ ಕೂರಿಸಿರೋದು ಮಣ್ಣಿನಲ್ಲಿ, ಮೇಲೆ ಸುಣ್ಣದ ಗಾರೆ. 2016ರಲ್ಲಿ ನಾನು ಬಾಡಿಗೆಗೆ ಹಿಡಿದಾಗಲೇ ಹಿಂದಿನ ಗೋಡೆಯ ಬುಡ ಸ್ವಲ್ಪ ಕಪ್ಪಗಿತ್ತು. ಹಳೇ ಕಟ್ಟಡ, ಇದ್ದದ್ದೇ ಅಂದುಕೊಂಡೆ.

2019ರಲ್ಲಿ ಬುಡದ ಗಾರೆ ಉದುರೋಕೆ ಶುರುವಾಯಿತು. ಆಗ ಕರೆಸಿದವರು 3 ಅಡಿ ಎತ್ತರಕ್ಕೆ ಗಟ್ಟಿಯಾಗಿ ಸಿಮೆಂಟ್ ಪ್ಲಾಸ್ಟರ್ ಮಾಡಿ ಹೋದರು. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಆ ಸಿಮೆಂಟಿನ ಮೇಲಂಚಿನಿಂದ ಶುರುವಾಗಿ ಬಣ್ಣ ಹಪ್ಪಳದ ಹಾಗೆ ಎದ್ದಿತು. 2022ರಲ್ಲಿ ಇನ್ನೊಬ್ಬರು ಬಂದು ನೀರು ತಡೆಯುವ ಕೋಟಿಂಗ್ ಹೊಡೆದು, ಮೇಲೆ ಗುಲಾಬಿ ಬಣ್ಣ ಬಳಿದರು. ಅದಾಗಿ ಮೂರು ವರ್ಷಕ್ಕೆ ತೇವ ನಾಲ್ಕೂವರೆ ಅಡಿಗೆ ಹತ್ತಿತ್ತು. ದುಡ್ಡು ಹಾಕಿದ ಹಾಗೆಲ್ಲ ತೇವ ಮೇಲೆ ಹೋಗ್ತಾ ಇದೆಯಲ್ಲ, ಇದೇನು ಅಂತ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಅರ್ಥ ಮಾಡಿಸಿದ್ದು ಒಬ್ಬರು ಹಿರಿಯ ಮೇಸ್ತ್ರಿ. ಹಳೇ ಮನೆಗಳ ಗಾರೆ ಕೆಲಸ ಮಾಡುತ್ತಾ ತಲೆ ಹಣ್ಣಾದವರು. ಕನ್ನಡಕ್ಕೆ ತೆಲುಗು ಬೆರೆಸಿ, ನಿಧಾನಕ್ಕೆ ಮಾತಾಡುತ್ತಾರೆ. ಬಂದವರು ಗೋಡೆಯನ್ನು ಕರಣೆಯ ಹಿಡಿಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋದರು. ಬುಡದಲ್ಲಿ ಡಬ್ ಡಬ್ ಅಂತ ಟೊಳ್ಳು ಸದ್ದು. ಐದಡಿ ದಾಟಿದ ಮೇಲೆ ಸದ್ದು ಗಟ್ಟಿಯಾಯಿತು.

"ಎಷ್ಟು ದಿನ ಅಂಗಡಿ ಮುಚ್ಚಬಹುದಮ್ಮಾ?" ಅಂತ ಕೇಳಿದರು.

"ಎಂಟು ದಿನ ಮೇಸ್ತ್ರಿ."

"ಎಂಟು ದಿನಕ್ಕೆ ಬಣ್ಣ ಬಳಿಯೋರು ಬೇಕಾದಷ್ಟು ಜನ ಸಿಗ್ತಾರೆ. ಗೋಡೆ ಒಣಗಬೇಕು ಅಂದ್ರೆ ತಿಂಗಳು ಕೊಡಿ. ಅದೂ ಪೂರ್ತಿ ಒಣಗೋಕೆ ಅಲ್ಲ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅಂತ ಲೆಕ್ಕ. ನಿಮ್ಮದು ಹದಿನೆಂಟು ಇಂಚಿನ ಗೋಡೆ."

ಅವರು ಹೇಳಿದ್ದು ಇಷ್ಟು. ಮಣ್ಣು, ಇಟ್ಟಿಗೆ, ಸುಣ್ಣದ ಗೋಡೆ ನೆಲದ ನೀರನ್ನು ಸ್ವಲ್ಪ ಸ್ವಲ್ಪ ಹೀರುತ್ತೆ, ಹಾಗೇ ಗಾಳಿಗೆ ಬಿಡುತ್ತೆ. ಸಿಮೆಂಟ್ ಹೊದಿಸಿದರೆ ಹೀರೋದು ನಿಲ್ಲಲ್ಲ, ಬಿಡೋದು ಮಾತ್ರ ನಿಲ್ಲುತ್ತೆ. ಆಗ ನೀರು ಇನ್ನೂ ಮೇಲೆ ಹತ್ತಿ ದಾರಿ ಹುಡುಕುತ್ತೆ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ, ಅದನ್ನು ಒಳಗಿನಿಂದ ನೂಕುತ್ತೆ. ನಾನು ಎರಡು ಸಲ ದುಡ್ಡು ಕೊಟ್ಟು ಮಾಡಿಸಿದ್ದು ನೀರಿನ ದಾರಿ ಮುಚ್ಚುವ ಕೆಲಸ ಅಂತ ಆಗ ಗೊತ್ತಾಯಿತು.

ಒಪ್ಪುವ ಮುಂಚೆ ನಾನೇ ಒಂದು ಪರೀಕ್ಷೆ ಮಾಡಿ ನೋಡಬೇಕು ಅಂದರು. ಸೀರೆ ಹಾಕುವ ಪಾರದರ್ಶಕ ಕವರನ್ನು ಒಂದಡಿ ಚೌಕಕ್ಕೆ ಕತ್ತರಿಸಿ ಗೋಡೆಗೆ ಇಟ್ಟು, ನಾಲ್ಕೂ ಕಡೆ ಟೇಪ್ ಹಚ್ಚಿದೆ. ಎರಡು ದಿನ ಬಿಟ್ಟು ನೋಡಿದರೆ ಕವರಿನ ಒಳಮೈ, ಅಂದರೆ ಗೋಡೆಗೆ ತಾಗಿದ ಕಡೆ, ಸಣ್ಣ ಸಣ್ಣ ಹನಿ. ಹೊರಮೈ ಒಣಗಿತ್ತು. ಹೊರಮೈಗೆ ಹನಿ ಕೂತಿದ್ದರೆ ಅದು ಅಂಗಡಿಯೊಳಗಿನ ಗಾಳಿಯ ತೇವ, ಕಿಟಕಿ ತೆಗೆದರೆ ಸಾಕಾಗುತ್ತಿತ್ತು. ಇದು ಗೋಡೆಯೊಳಗಿನಿಂದಲೇ ಬರುತ್ತಿದ್ದ ನೀರು.

ತಿಂಗಳು ಅಂಗಡಿ ಮುಚ್ಚೋದು ಅಂದರೆ ಹುಡುಗಾಟವಲ್ಲ. ಆಷಾಢ ಮಾತ್ರ ನಮ್ಮ ಕಸುಬಿಗೆ ಕೈ ಬಿಡುವಾಗುವ ಕಾಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ರವಿಕೆ ಹೊಲಿಸೋರು ಕಡಿಮೆ. 2025ರ ಆಷಾಢ ಜೂನ್ 26ಕ್ಕೆ ಹಿಡಿಯಿತು. ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ. ಹಬ್ಬಕ್ಕೆ ಒಂದು ವಾರ ಮುಂಚೆ ಶಟರ್ ಎತ್ತಲೇಬೇಕು. ಜೂನ್ 30ರ ಸೋಮವಾರ ಎರಡು ಮೆಷಿನ್ ಮತ್ತು ಬಟ್ಟೆ ಗಂಟುಗಳನ್ನು ಮನೆಗೆ ಸಾಗಿಸಿ, ಬಾಗಿಲಿಗೆ ಫೋನ್ ನಂಬರ್ ಅಂಟಿಸಿದೆ.

ಮಾರನೇ ದಿನ ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಬಂದರು. ತೇವದ ಗೆರೆಯಿಂದ ಇನ್ನೂ ಒಂದಡಿ ಮೇಲಕ್ಕೆ, ಐದೂವರೆ ಅಡಿವರೆಗೆ, ಮೂರು ಗೋಡೆಯ ಪ್ಲಾಸ್ಟರನ್ನೂ ಕೀಳಬೇಕು. ಸಿಮೆಂಟ್ ಭಾಗ ಒಂದೊಂದು ಹಲಗೆಯಷ್ಟು ಅಗಲ ಕಿತ್ತು ಬಂತು. ಹಿಂದೆ ನೋಡಿದರೆ ಇಟ್ಟಿಗೆ ಕಪ್ಪಗೆ ಒದ್ದೆ. ಸಂದುಗಳಲ್ಲಿ ಉಪ್ಪು ಪುಡಿಯಾಗಿ ಅಲ್ಲ, ಹತ್ತಿಯ ಎಳೆಗಳ ಹಾಗೆ ಬೆಳೆದಿತ್ತು. ಬಲ್ಬ್ ಹತ್ತಿರ ಹಿಡಿದರೆ ಪ್ರತಿ ಎಳೆಯೂ ಮಿನುಗುತ್ತಿತ್ತು. ನಾನು ಕೂಡಲೇ ಒದ್ದೆ ಬಟ್ಟೆ ತಂದೆ. ಮೇಸ್ತ್ರಿ ಕೈ ಅಡ್ಡ ಇಟ್ಟರು.

"ನೀರು ಮುಟ್ಟಿಸಬೇಡಿ. ಮುಟ್ಟಿಸಿದ್ರೆ ಉಪ್ಪು ಕರಗಿ ಮತ್ತೆ ಒಳಕ್ಕೇ ಹೋಗುತ್ತೆ."

ಒಣ ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ, ಕೆಳಗೆ ಪೇಪರ್ ಹಾಸಿ, ಬಿದ್ದದ್ದನ್ನೆಲ್ಲ ಮಡಚಿ ಹೊರಗೆ ಹಾಕಬೇಕು. ಬುಡದಲ್ಲೇ ಗುಡಿಸಿ ಬಿಟ್ಟರೆ ಮತ್ತೆ ನೆಲದ ಪಾಲು, ಗೋಡೆ ಪಾಲು. ಇಟ್ಟಿಗೆ ಸಂದಿನ ಹಳೇ ಮಣ್ಣನ್ನು ಅರ್ಧ ಇಂಚು ಆಳಕ್ಕೆ ಕೆರೆದರು. ಎರಡು ದಿನ ಇದೇ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನೂ ಉಜ್ಜಿದೆ. ಮೂರು ದಿನಕ್ಕೊಮ್ಮೆ ಮತ್ತೆ ಉಪ್ಪು ಬರುತ್ತಿತ್ತು, ಮತ್ತೆ ಉಜ್ಜುತ್ತಿದ್ದೆ.

ನೀರು ಬರ್ತಾ ಇದ್ದದ್ದು ಎಲ್ಲಿಂದ? ಹಿಂದಿನ ಗೋಡೆಯ ಆಚೆ ಓನರ್ ಅಮ್ಮನ ಬಚ್ಚಲು. ಗೋಡೆ ಪಕ್ಕದಲ್ಲಿ ಎರಡಡಿ ಗುಂಡಿ ತೆಗೆದರೆ ಕಪ್ಪು ಕೆಸರು, ಸೋಪಿನ ವಾಸನೆ. ನೆಲದೊಳಗಿನ ಹಳೇ ಸಿಮೆಂಟ್ ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು. ಎಷ್ಟು ವರ್ಷದಿಂದಲೋ. ಓನರ್ ಅಮ್ಮ ಗುಂಡಿ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ತುಂಬಾ ಹೊತ್ತು ಬಗ್ಗಿ ನೋಡಿದರು.

"ನಮ್ಮ ಬಚ್ಚಲ ನೀರು ನಿನ್ನ ಅಂಗಡೀಲಿ ಉಪ್ಪಾಗಿದ್ಯಲ್ಲೇ," ಅಂದರು.

ಬಾಡಿಗೆಯವಳು ಮನೆ ಗೋಡೆ ಕೆಡಿಸಿದಳು ಅಂತ ಅಲ್ಲಿಯವರೆಗೆ ಅವರಿಗೆ ಒಳಗೊಳಗೇ ಬೇಜಾರಿತ್ತು. ಗುಂಡಿ ನೋಡಿದ ಮೇಲೆ ಪೈಪಿನ ಖರ್ಚು, ಮೇಸ್ತ್ರಿ ಮತ್ತು ಆಳಿನ ಕೂಲಿ ತಮ್ಮದು ಅಂದರು. ಸುಣ್ಣ, ಮರಳು, ಬಣ್ಣ ನನ್ನದು. ಕೊನೆಗೆ ಲೆಕ್ಕ ಹಾಕಿದಾಗ ಅವರದು 13,800 ರೂಪಾಯಿ, ನನ್ನದು 15,500. ಬಾಡಿಗೆ ಅಂಗಡಿಯವರಿಗೆ ನಾನು ಹೇಳೋದು ಒಂದೇ. ಗೋಡೆ ಕಿತ್ತ ದಿನ, ಗುಂಡಿ ತೋಡಿದ ದಿನ ಓನರನ್ನು ಕರೆದು ಕಣ್ಣಾರೆ ತೋರಿಸಿ. ಫೋನಿನಲ್ಲಿ ಹೇಳಿದರೆ ಜಗಳ ಆಗುತ್ತೆ.

ಸೂರಿನ ಒಂದು ಮೂಲೆಯಲ್ಲೂ ಕಲೆ ಇತ್ತು. ಅದು ಚಪ್ಪಡಿ ಸಂದಿನಿಂದ ಇಳಿದ ಮಳೆನೀರು. ಮೇಲೆ ಹತ್ತಿ ಸಂದು ಕೆರೆದು ತುಂಬಿದರು, ಅರ್ಧ ದಿನದಲ್ಲಿ ಮುಗಿಯಿತು.

ಆಮೇಲೆ ಹನ್ನೊಂದು ದಿನ ಯಾರೂ ಏನೂ ಮಾಡಲಿಲ್ಲ. ಗೋಡೆ ಒಣಗಬೇಕಿತ್ತು, ಅಷ್ಟೇ. ಆಷಾಢದ ಗಾಳಿ ನಂದಿ ಬೆಟ್ಟದ ಕಡೆಯಿಂದ ಬೀಸುತ್ತಿತ್ತು. ಶಟರ್ ಅರ್ಧ ಎತ್ತಿ, ಹಿಂದಿನ ಗವಾಕ್ಷಿ ತೆಗೆದು, ಒಂದು ಫ್ಯಾನ್ ಹಾಕಿ ಬಿಟ್ಟೆ. ದಿನಾ ಸಂಜೆ ಹೋಗಿ, ಒದ್ದೆ ಇಟ್ಟಿಗೆಯ ಅಂಚು ಎಲ್ಲಿದೆ ಅಂತ ಟೈಲರ್ ಚಾಕಿನಿಂದ ಗೆರೆ ಎಳೆದು ತಾರೀಕು ಬರೆಯುತ್ತಿದ್ದೆ. ಅಳತೆ ಟೇಪಿನಿಂದ ನೆಲದಿಂದ ಅಳೆಯುತ್ತಿದ್ದೆ. ಜುಲೈ 3ಕ್ಕೆ 54 ಇಂಚು. ಜುಲೈ 8ಕ್ಕೆ 47. ಜುಲೈ 13ಕ್ಕೆ 41. ಎದೆ ಸುತ್ತಳತೆ, ಸೊಂಟ, ತೋಳು ಬಿಟ್ಟು ಬೇರೇನೂ ಅಳೆಯದ ಆ ಟೇಪಿನಲ್ಲಿ ಗೋಡೆಯ ತೇವ ಇಳಿಯೋದನ್ನು ನೋಡುವಾಗ ನನಗೆ ಆದ ಖುಷಿ ಯಾರಿಗೆ ಹೇಳಲಿ! ಮನೆಯಲ್ಲಿ ದಿನಾ ರಾತ್ರಿ ಊಟಕ್ಕೆ ಕೂತಾಗ "ಇವತ್ತೆಷ್ಟು?" ಅಂತ ಎಲ್ಲರೂ ಕೇಳೋಕೆ ಶುರು ಮಾಡಿದ್ದರು.

ಇನ್ನೊಂದು ಕಡೆ ಸುಣ್ಣ ಹದವಾಗುತ್ತಿತ್ತು. ಗೋಡೆ ಕಿತ್ತ ದಿನವೇ ಸುಟ್ಟ ಸುಣ್ಣದ ಕಲ್ಲು ತಂದು ಅರ್ಧ ಡ್ರಮ್ಮಿನಲ್ಲಿ ನೆನೆ ಹಾಕಿದ್ದರು. ಮೊದಲು ನೀರು, ಆಮೇಲೆ ಕಲ್ಲು, ಅದೂ ಸ್ವಲ್ಪ ಸ್ವಲ್ಪ. ಉಲ್ಟಾ ಮಾಡಿದರೆ ಸಿಡಿಯುತ್ತೆ. ನೀರು ಅನ್ನದ ಎಸರಿನ ಹಾಗೆ ಕೊತ ಕೊತ ಕುದಿಯಿತು, ಒಲೆ ಇಲ್ಲದೆ. ಮೇಸ್ತ್ರಿ ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಹತ್ತಿರ ಹೋಗಿದ್ದು. ಬೀದಿ ಮಕ್ಕಳನ್ನೆಲ್ಲ ದೂರ ಕಳಿಸಿದೆ. ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕುದಿ ಇಳಿದ ಮೇಲೆ ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಎರಡು ವಾರ ಬಿಟ್ಟರು. ತೆಗೆದಾಗ ಅದು ಬೆಣ್ಣೆಯ ಹಾಗಿತ್ತು.

ನೀರಿನ ವಿಷಯದಲ್ಲೂ ಅವರು ಗಟ್ಟಿ. ಬೋರ್‌ವೆಲ್ ನೀರು ಬೇಡವೇ ಬೇಡ ಅಂದರು. ನಮ್ಮ ಕಡೆ ಆಳದ ಬೋರಿನ ನೀರು ಎಷ್ಟು ಗಡುಸು ಅಂತ ನಮ್ಮ ಪಾತ್ರೆಗಳನ್ನು ನೋಡಿದರೆ ಗೊತ್ತಾಗುತ್ತೆ. ಉಪ್ಪು ತೆಗೆದ ಗೋಡೆಗೆ ಉಪ್ಪು ನೀರಿನ ಗಾರೆ ಮೆತ್ತಿ ಏನು ಬಂತು? ಜಕ್ಕಲಮಡಗು ಜಲಾಶಯದ ನೀರು ನಲ್ಲಿಗೆ ಬಂದ ದಿನ ಎರಡು ಡ್ರಮ್ ತುಂಬಿ ಎತ್ತಿಟ್ಟೆ.

ಜುಲೈ 14ಕ್ಕೆ ಗಾರೆ ಕಲೆಸಿದರು. ಒಂದು ಪಾಲು ಸುಣ್ಣ, ಎರಡು ಪಾಲು ಜರಡಿ ಹಿಡಿದ ಮರಳು, ಒಂದು ಪಾಲು ಇಟ್ಟಿಗೆ ಪುಡಿ. ಇಟ್ಟಿಗೆ ಪುಡಿ ಇದ್ದರೆ ಸ್ವಲ್ಪ ತೇವ ಇರುವ ಗೋಡೆಯಲ್ಲೂ ಸುಣ್ಣ ಗಟ್ಟಿಯಾಗುತ್ತೆ. ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ಕೊಡದಲ್ಲಿ ದಿನಗಟ್ಟಲೆ ನೆನೆಸಿದ್ದ ನೀರನ್ನು ಅದಕ್ಕೆ ಹಾಕಿದರು. ಕಂದು ಬಣ್ಣ, ಹುಳಿ ಹುಳಿ ವಾಸನೆ. ಸಿಮೆಂಟ್ ಒಂದು ಹಿಡಿಯೂ ಇಲ್ಲ. ಗೋಡೆಗೆ ನೀರು ಚಿಮುಕಿಸಿ, ಕರಣೆಯಿಂದ ಗಾರೆಯನ್ನು ಎರಚಿ, ಅರ್ಧ ಇಂಚು ದಪ್ಪಕ್ಕೆ ಮಟ್ಟಗೋಲಿನಿಂದ ಎಳೆದರು. ಮೈಮೇಲೆ ಅಡ್ಡಡ್ಡ ಗೀರು ಹಾಕಿದರು, ಎರಡನೇ ಪದರ ಹಿಡಿಯೋಕೆ. ಬುಡದಲ್ಲಿ ಗಾರೆ ನೆಲಕ್ಕೆ ತಾಗದ ಹಾಗೆ ಅರ್ಧ ಇಂಚು ಬಿಟ್ಟರು. ನೆಲ ಒರೆಸಿದ ನೀರನ್ನು ಗಾರೆ ಹೀರಬಾರದು ಅಂತ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಹನ್ನೊಂದು ದಿನ ಗಾಳಿಯೇ ದೇವರು ಅಂದುಕೊಂಡಿದ್ದೆನಲ್ಲ, ಅದೇ ಅಭ್ಯಾಸದಲ್ಲಿ ಎರಡನೇ ಪದರ ಹಾಕಿದ ಮಾರನೇ ಬೆಳಿಗ್ಗೆ ಶಟರ್ ಪೂರ್ತಿ ಎತ್ತಿ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಎಡಗೋಡೆಯ ತುಂಬಾ ಕೂದಲೆಳೆ ಬಿರುಕು. ಸುಣ್ಣದ ಗಾರೆ ಗಾಳಿಯಿಂದಲೇ ಗಟ್ಟಿಯಾಗೋದು, ಆದರೆ ನಿಧಾನಕ್ಕೆ. ಬೇಗ ಒಣಗಿದರೆ ಕುಗ್ಗಿ ಬಿರಿಯುತ್ತೆ. ಮೇಸ್ತ್ರಿ ಬೈಯಲಿಲ್ಲ. ನೀರು ಚಿಮುಕಿಸಿ, ಮರದ ಹಲಗೆಯಿಂದ ಸುತ್ತು ಸುತ್ತಾಗಿ ಒತ್ತಿ ಉಜ್ಜಿ ಬಿರುಕು ಕೂರಿಸಿದರು. ಆಮೇಲೆ ಒದ್ದೆ ಗೋಣಿ ತಾಟು ಇಳಿಬಿಟ್ಟು, ಒಂದು ವಾರ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ.

ಐದೂವರೆ ಅಡಿ ಮೇಲಿನ ಗೋಡೆ ಒಣಗಿತ್ತು, ಗಟ್ಟಿಯಾಗಿತ್ತು. ಅಲ್ಲಿಗೆ ಮಾಮೂಲಿ ಕೆಲಸ. ಹಳೇ ಬಣ್ಣ ಕೆರೆದು, ಎರಡು ಕೋಟ್ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್. ಪೇಂಟರ್ ಹುಡುಗನ ಒಂದು ಉಪಾಯ ಹೇಳಲೇಬೇಕು. ಪುಟ್ಟಿ ಉಜ್ಜುವಾಗ ಬಲ್ಬನ್ನು ಗೋಡೆಗೆ ಒತ್ತಿ, ಅಡ್ಡಲಾಗಿ ಹಿಡಿದ. "ನೋಡಿ ಅಕ್ಕಾ," ಅಂದ. ನೇರ ಬೆಳಕಿನಲ್ಲಿ ಕನ್ನಡಿಯ ಹಾಗೆ ಕಂಡ ಗೋಡೆ, ಅಡ್ಡ ಬೆಳಕಿನಲ್ಲಿ ಹಳ್ಳ ದಿಣ್ಣೆ. ಪ್ರತಿ ನೆರಳಿಗೂ ಪೆನ್ಸಿಲ್ ಗುರುತು ಹಾಕಿ, ಅಲ್ಲಲ್ಲಿಗೇ ಮತ್ತೆ ಪುಟ್ಟಿ ತುಂಬಿದ.

ಬಣ್ಣದ ವಿಷಯದಲ್ಲಿ ಎಲ್ಲರೂ ಒಂದೊಂದು ಹೇಳಿದರು. ಹಳದಿ ಹಾಕಿ ಲಕ್ಷಣವಾಗಿರುತ್ತೆ, ಹಸಿರು ಹಾಕಿ ತಂಪು ಅಂತ. ನಾನು ಹಾಲು ಬಿಳುಪಿಗೇ ಅಂಟಿಕೊಂಡೆ, ಅದಕ್ಕೆ ಕಾರಣ ಇದೆ. ಗುಲಾಬಿ ಗೋಡೆ ಇದ್ದ ಮೂರು ವರ್ಷ ಮ್ಯಾಚಿಂಗ್ ನೋಡೋದು ಕಷ್ಟವಾಗಿತ್ತು. ಗೋಡೆಯ ಬಣ್ಣ ಬೆಳಕಿಗೆ ಸೇರಿ ಬಟ್ಟೆಯ ಮೇಲೆ ಬೀಳುತ್ತೆ. ಈರುಳ್ಳಿ ಬಣ್ಣದ ಸೀರೆಗೆ ಸರಿಹೊಂದಿತು ಅಂತ ಹಾಕಿದ ಲೈನಿಂಗ್, ಬೀದಿಗೆ ತಂದರೆ ಬೇರೆಯೇ ಬಣ್ಣ. ಹಾಗಾಗಿ ಪ್ರತಿ ಸಲ ದಾರದ ಉಂಡೆ, ಸೀರೆ ಸೆರಗು ಎರಡೂ ಹಿಡಿದು ಗಿರಾಕಿಯೂ ನಾನೂ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದೆವು. ಬಟ್ಟೆ ಅಂಗಡಿ, ಟೈಲರ್ ಅಂಗಡಿ ಇಟ್ಟವರು ಗೋಡೆಗೆ ಗಾಢ ಬಣ್ಣ ಹಾಕಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಕೆಳಗಿನ ಸುಣ್ಣದ ಗಾರೆಗೆ ಸುಣ್ಣವೇ ಬಣ್ಣ. ಅದರ ಮೇಲೆ ಎಮಲ್ಷನ್ ಹೊಡೆದರೆ ಮತ್ತೆ ದಾರಿ ಮುಚ್ಚಿದ ಹಾಗೆ. ಆದರೆ ಸುಣ್ಣ ಕೈಗೆ ಅಂಟುತ್ತೆ, ಬಟ್ಟೆಗೂ ಅಂಟುತ್ತೆ. ಸೀರೆಗೆ ಪುಡಿ ತಾಗಿತು ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ಮೊದಲ ಕೋಟ್ ಒಣಗಿದ ಮೇಲೆ ಒಂದು ಕಪ್ಪು ರವಿಕೆ ಬಟ್ಟೆಯ ತುಂಡು ತಂದು ಗೋಡೆಗೆ ಉಜ್ಜಿದೆ. ಬೆಳ್ಳಗಾಯಿತು. ಮೇಸ್ತ್ರಿ ಮುಂದಿನ ಕೋಟಿಗೆ ಗೋಂದು ನೆನೆಸಿ ಸೇರಿಸಿದರು, ಹಾಲಿಗಿಂತ ತೆಳ್ಳಗೆ ಮಾಡಿದರು. ಹೊಡೆದಾಗ ಗೋಡೆ ಬರೀ ಒದ್ದೆಯಾದ ಹಾಗೆ ಕಾಣುತ್ತೆ, ಏನೂ ಹಿಡಿದಿಲ್ಲ ಅನ್ನಿಸುತ್ತೆ. ಒಣಗುತ್ತಾ ಒಣಗುತ್ತಾ ಬಿಳುಪು ಮೇಲೆ ಬರುತ್ತೆ. ದಿನಕ್ಕೊಂದರಂತೆ ನಾಲ್ಕು ಕೋಟ್. ನಾಲ್ಕನೆಯದರ ಮೇಲೆ ಉಜ್ಜಿದ ಕಪ್ಪು ತುಂಡಿನಲ್ಲಿ ಬೂದಿಯ ಛಾಯೆ ಮಾತ್ರ ಇತ್ತು. ಅಷ್ಟೂ ಬೇಡ ಅಂತ ಗೋಡೆ ಶೆಲ್ಫು ತೆಗೆಸಿ, ಕಬ್ಬಿಣದ ಸ್ಟ್ಯಾಂಡ್ ಹಾಕಿಸಿದೆ. ಗೋಡೆಗೂ ಅದಕ್ಕೂ ಮಧ್ಯೆ ನಾಲ್ಕು ಇಂಚು ಗಾಳಿ ಆಡುತ್ತೆ.

ಸುಣ್ಣ ಮತ್ತು ಎಮಲ್ಷನ್ ಸೇರುವ ಕಡೆ ಒಂದು ಗೆರೆ ಎದ್ದು ಕಾಣುತ್ತಿತ್ತು. ಅಲ್ಲಿ ಟೆಂಪಲ್ ಬಾರ್ಡರ್ ಬರೆಯೋಣ ಅಂತ ನನಗೆ ಹೊಳೆಯಿತು. ಹಳೇ ಎಕ್ಸ್‌ರೇ ಫಿಲ್ಮಿನ ಮೇಲೆ ಎರಡಿಂಚು ಅಗಲದ ಗೋಪುರಗಳನ್ನು ಗುರುತಿಸಿ ಬ್ಲೇಡಿನಿಂದ ಕತ್ತರಿಸಿದೆ. ಕೆಮ್ಮಣ್ಣನ್ನು ಸುಣ್ಣದ ತಿಳಿಗೆ ಕಲೆಸಿ, ಸ್ಪಂಜಿನಿಂದ ಒತ್ತಿದೆ. ಮೂರು ಗೋಡೆ ಸೇರಿ 34 ಅಡಿ, ಲೆಕ್ಕಕ್ಕೆ 204 ಗೋಪುರ. ಆದರೆ ಹಳೇ ಗೋಡೆ ಯಾವತ್ತೂ ಲೆಕ್ಕಕ್ಕೆ ಸರಿಯಾಗಿ ಸಿಗಲ್ಲ. ಹಿಂದಿನ ಗೋಡೆ 120 ಇಂಚಿಗೆ ಮುಕ್ಕಾಲು ಇಂಚು ಕಡಿಮೆ. ತೋಳು ಕೂರಿಸುವಾಗ ಜಾಸ್ತಿ ಬಟ್ಟೆಯನ್ನು ಕಾಣದ ಹಾಗೆ ಹಂಚುತ್ತೇವಲ್ಲ, ಹಾಗೇ ಮಧ್ಯದಿಂದ ಶುರು ಮಾಡಿ ಎರಡೂ ಕಡೆಗೆ ಕೂದಲೆಳೆಯಷ್ಟು ಒತ್ತೊತ್ತಾಗಿ ಹಂಚಿದೆ. ಮೂಲೆಯಲ್ಲಿ ಗೋಪುರ ಪೂರ್ತಿಯಾಗಿ ಬಂದು ಕೂತಿತು. ಪೇಂಟರ್ ಹುಡುಗ ಮೂಲೆಯನ್ನೇ ನೋಡುತ್ತಾ ನಿಂತುಬಿಟ್ಟ.

ಆಗಸ್ಟ್ 1, ಶುಕ್ರವಾರ ದೀಪ ಹಚ್ಚಿ ಶಟರ್ ಎತ್ತಿದೆ. ಓನರ್ ಅಮ್ಮ ತಾವೇ ಅರಿಶಿನ ಕುಂಕುಮ ತಂದರು. ಆ ವಾರ ಪೂರ್ತಿ ರವಿಕೆ ಹೊಲಿದೆ. ದಾರ ನೋಡೋಕೆ ಯಾರೂ ಬೀದಿಗೆ ಹೋಗಲಿಲ್ಲ.

ಅಕ್ಟೋಬರಿನ ಮಳೆ ಜೋರಾಗಿ ಹಿಡಿದಾಗ ಹಿಂದಿನ ಗೋಡೆಯ ಎಡಮೂಲೆಯಲ್ಲಿ ಅಂಗೈ ಅಗಲ ಉಪ್ಪು ಮತ್ತೆ ಕಾಣಿಸಿತು. ಎದೆ ಧಸಕ್ ಅಂದು ಮೇಸ್ತ್ರಿಗೆ ಫೋನ್ ಮಾಡಿದೆ. ಒಳಗೆ ಉಳಿದ ನೀರು ಹೊರಗೆ ಬರ್ತಾ ಇದೆ, ಬರಲಿ, ಇನ್ನೊಂದು ವರ್ಷ ಹೀಗೇ, ನೀರು ಮಾತ್ರ ಮುಟ್ಟಿಸಬೇಡಿ ಅಂದರು. ಆ ಮೂಲೆಯಲ್ಲಿ ಒಂದು ಮೊಳೆ ಹೊಡೆದು ನಾರಿನ ಬ್ರಷ್ ನೇತು ಹಾಕಿದ್ದೇನೆ. ಸೋಮವಾರ ಅಂಗಡಿ ಗುಡಿಸುವ ಮುಂಚೆ ಪೇಪರ್ ಹಾಸಿ ಉಜ್ಜುತ್ತೇನೆ. ಮೊದಲ ವಾರ ಒಂದು ಹಿಡಿ ಬಂದಿತ್ತು. ಹೋದ ಸೋಮವಾರ ಬಂದದ್ದು ಒಂದು ಬಾಬಿನ್ ಮೇಲೆ ಕೂರುವಷ್ಟು.